ಸಂವಾದ ಶಿಬಿರವೋ, ವಿನಿಮಯವೋ?

ಎರಡು ದೇಶಗಳ ಯುವಜನರನ್ನು ಹತ್ತಿರ ತರಲು ಹೊರಟವರ ಮುಂದೆ ಎರಡು ಪಳಗಿದ ದಾರಿಗಳಿವೆ: ಸಂವಾದ ಶಿಬಿರ ಮತ್ತು ವಿನಿಮಯ.

1993ರಲ್ಲಿ ಆರಂಭವಾದ ‘ಸೀಡ್ಸ್ ಆಫ್ ಪೀಸ್’ ಎಂಬ ಸಂಸ್ಥೆ ಇಸ್ರೇಲಿ, ಪ್ಯಾಲೆಸ್ಟೀನಿ ಹದಿಹರೆಯದವರನ್ನು ಅಮೆರಿಕದ ಮೇನ್ ರಾಜ್ಯದ ಸರೋವರದ ದಡದ ಶಿಬಿರಕ್ಕೆ ಕರೆಸಿತು. ಒಂದೇ ಕೊಠಡಿಯಲ್ಲಿ ಮಲಗುವವರು ಸಂವಾದದ ಹೊತ್ತಿಗೆ ಎದುರುಬದುರು ಕುಳಿತು, ತಮ್ಮವರ ಸಾವುನೋವನ್ನು ಜಗಳವಾಡುತ್ತಲೇ ಹೇಳಿಕೊಳ್ಳುತ್ತಾರೆ. ಸಂಘರ್ಷ ಇನ್ನೂ ಉರಿಯುತ್ತಿದ್ದರೆ ಶಿಬಿರವೇ ಸರಿ. ಆದರೆ ಮರಳಿದ ಮಕ್ಕಳನ್ನು ‘ಶತ್ರುವಿನ ಗೆಳೆಯ’ ಎಂದು ಹಂಗಿಸುವವರು ಇದ್ದೇ ಇರುತ್ತಾರೆ. ಮುಂದಿನ ಭೇಟಿಗಳಿಗೆ ಹಣ ತೆಗೆದಿಡದೆ ಶಿಬಿರ ನಡೆಸಲೇಬೇಡಿ.

ವಿನಿಮಯಕ್ಕೆ ಮಾದರಿ, ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ ಸ್ನೇಹಕ್ಕಾಗಿ ಮಾಡಿಕೊಂಡ 1963ರ ಎಲಿಸೀ ಒಪ್ಪಂದದ ಬೆನ್ನಲ್ಲೇ ಹುಟ್ಟಿದ ಫ್ರಾನ್ಸ್–ಜರ್ಮನಿ ಯುವಜನ ಕಚೇರಿ. ಆಚೆ ದೇಶದ ಮನೆಯಲ್ಲಿ ಉಳಿದು, ಅಲ್ಲಿನ ಶಾಲೆಗೆ ಹೋಗುವ ಕ್ರಮವಿದು. ಸರ್ಕಾರಗಳ ಒಪ್ಪಿಗೆ, ವರ್ಷಗಟ್ಟಲೆ ಅನುದಾನ ಬೇಕು. ಗಡಿ ತೆರೆದಿದ್ದರೆ ನನ್ನ ಮತ ಇದಕ್ಕೇ.