ಉದಯಪುರ: ರೂಮು ಯಾವ ದಡದಲ್ಲಿ?

ಅಪ್ಪ ಅಮ್ಮನ ಜೊತೆ ಉದಯಪುರಕ್ಕೆ ಹೊರಟವರು ಲಾಲ್ ಘಾಟ್, ಹನುಮಾನ್ ಘಾಟ್, ಫತೇಹ್ ಸಾಗರ್ ಕೆರೆ, ಈ ಮೂರರಲ್ಲಿ ಎಲ್ಲಿ ಉಳಿಯೋದು ಅಂತ ಕೇಳಿದ್ದೀರಿ.

ನೋಟ ಮುಖ್ಯವಾದರೆ ಪಿಚೋಲಾ ಕೆರೆಯ ದಡವೇ ಸರಿ. ಲಾಲ್ ಘಾಟ್ ಇರುವುದು ಪೂರ್ವಕ್ಕೆ; ತಾರಸಿಯಲ್ಲಿ ಕೂತರೆ ಸೂರ್ಯ ನೀರಿನಾಚೆ ಅರಾವಳಿ ಬೆಟ್ಟಗಳ ಹಿಂದೆ ಇಳಿಯುತ್ತಾನೆ. ಎದುರು ದಡದ ಹನುಮಾನ್ ಘಾಟ್ ಕಡೆಯಿಂದ ಇಡೀ ಅರಮನೆ (ಸಿಟಿ ಪ್ಯಾಲೆಸ್) ಕಣ್ಣೆದುರು. ಕತ್ತಲಾಗಿ ದೀಪ ಹತ್ತಿದ ಮೇಲೆ ಅಂಬ್ರಾಯಿ ಘಾಟ್‌ನ ಮೆಟ್ಟಿಲ ಮೇಲೆ ಕೂತು ಅದನ್ನು ನೋಡಲೇಬೇಕು. ಆ ಊರಲ್ಲಿ ನನಗೆ ಅದಕ್ಕಿಂತ ಇಷ್ಟವಾದ ಜಾಗವಿಲ್ಲ.

ಓಡಾಟಕ್ಕೆ ಲಾಲ್ ಘಾಟ್ ಅನುಕೂಲ. ಅರಮನೆ, 1651ರ ಜಗದೀಶ ದೇವಾಲಯ, ಸಂಜೆ ನೃತ್ಯ ನಡೆಯುವ ಬಾಗೋರ್ ಕೀ ಹವೇಲಿ ಎಲ್ಲ ನಡೆದೇ ಹೋಗಬಹುದು. ಆದರೆ ಓಣಿಗಳು ಕಿರಿದು, ಏರು ಬೇರೆ, ಸ್ಕೂಟರ್ ಹಾರ್ನ್ ನಿಲ್ಲುವುದಿಲ್ಲ. ಹಳೆ ಹವೇಲಿಗಳಲ್ಲಿ ಮೆಟ್ಟಿಲೂ ಕಡಿದು. ಲಿಫ್ಟ್ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಹನುಮಾನ್ ಘಾಟ್ ಸ್ವಲ್ಪ ಶಾಂತ, ಕಾಲುಸೇತುವೆ ದಾಟಿದರೆ ಹಳೆ ಊರು.

ಫತೇಹ್ ಸಾಗರ್ ಸುತ್ತ ರಸ್ತೆ ಅಗಲ, ಕಾರು ಬಾಗಿಲಿಗೇ ಬರುತ್ತದೆ. ದೋಣಿ ಟಿಕೆಟ್ಟೂ ಅರಮನೆ ಜೆಟ್ಟಿಗಿಂತ ಅಗ್ಗ. ಅರಮನೆಗೆ ಮಾತ್ರ ಪ್ರತಿಸಲ ಆಟೋ ಹಿಡಿಯಬೇಕು.

ಹಿರಿಯರಿಗೆ ಮಂಡಿನೋವಿದ್ದರೆ ಫತೇಹ್ ಸಾಗರ್. ಒಂದೇ ದಿನ ಇದ್ದರೆ ಲಾಲ್ ಘಾಟ್. ಎರಡು ಮೂರು ದಿನ ನಿಧಾನವಾಗಿ ಇರುವವರಿಗೆ ಹನುಮಾನ್ ಘಾಟ್. ಎಲ್ಲೇ ಇದ್ದರೂ ಮಳೆಗಾಲ ಮುಗಿದ ಮೇಲೆ ಹೋಗಿ. ಮಳೆ ಕೈಕೊಟ್ಟ ವರ್ಷಗಳಲ್ಲಿ ಪಿಚೋಲಾ ಬತ್ತಿದ್ದೂ ಉಂಟು.