ಬೆಳಗಿನ ಹುಲ್ಲಾ, ಸಂಜೆ ಹುಲ್ಲಾ? ನಮ್ಮ ಹೊಲದ ಒಂದು ವರ್ಷದ ಲೆಕ್ಕ

ಭಾಲ್ಕಿ ಕಡೆ ಕಬ್ಬು ಬೆಳೆಯುವವರಿಗೆ ಬ್ರಿಕ್ಸ್ (ನೂರು ಗ್ರಾಂ ರಸದಲ್ಲಿ ಎಷ್ಟು ಗ್ರಾಂ ಸಿಹಿ ಕರಗಿದೆ ಅನ್ನುವ ಅಂಕಿ) ಅನ್ನುವ ಮಾತು ಹೊಸದಲ್ಲ. ಕಬ್ಬು ಹದಕ್ಕೆ ಬಂದಿದೆಯಾ ಅಂತ ನೋಡೋಕೆ ರಸದ ಒಂದೆರಡು ಹನಿಯನ್ನು ಗೇಣುದ್ದದ ಕೊಳವೆಯಂಥ ಸಾಧನದ ಗಾಜಿನ ಮೇಲೆ ಬಿಡುತ್ತಾರೆ. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರೆ ಅಂಕಿ ಕಾಣುತ್ತದೆ. ಒಳ್ಳೆ ಹದದ ಕಬ್ಬು 18ರಿಂದ 20 ತೋರಿಸುತ್ತದೆ. ಅದೇ ಸಾಧನವನ್ನು ನಾನು ದನದ ಹುಲ್ಲಿಗೆ ಹಿಡಿದೆ. ಬಂದಿದ್ದು ನಾಲ್ಕೂವರೆ.

ಒಂದು ವಾರ ಹೀಗೇ ನಡೆಯಿತು. ಪಕ್ಕದ ಹೊಲದ ಮುತ್ಯಾ ಬದುವಿನ ಮೇಲೆ ಕೂತು ನೋಡಿ ನೋಡಿ ಕೊನೆಗೆ ಕೇಳಿಯೇ ಬಿಟ್ಟರು: "ಹುಲ್ಲಿಗಿ ಶುಗರ್ ಬಂದದೇನೋ ತಮ್ಮಾ? ದಿನಾ ಮೂರು ಸಲ ಚೆಕ್ ಮಾಡ್ಲಕತ್ತಿ!"

ನಮ್ಮಲ್ಲಿ ಎರಡು ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್) ಮಿಶ್ರತಳಿ ಆಕಳು, ಒಂದು ಎಮ್ಮೆ, ಒಂದು ದೇವಣಿ ತಳಿಯ ನಾಟಿ ದನ ಇವೆ. ಇಪ್ಪತ್ತು ಗುಂಟೆಯಲ್ಲಿ ಕೋ-4 ತಳಿಯ ನೇಪಿಯರ್ ಹುಲ್ಲು ಇದೆ, ಹತ್ತು ಗುಂಟೆಯಲ್ಲಿ ಮೇವಿನ ಜೋಳ, ಬಾವಿ ಪಕ್ಕ ನಾಲ್ಕು ಮಡಿ ಕುದುರೆ ಮಸಾಲೆ (ಲೂಸರ್ನ್ ಮೇವು). ಅಪ್ಪನ ಕಾಲದಿಂದಲೂ ಹುಲ್ಲು ಕೊಯ್ಯುವುದು ಬೆಳಿಗ್ಗೆ ಆರಕ್ಕೇ. ತಂಪು ಹೊತ್ತು, ಹುಲ್ಲು ಸೊಂಪಾಗಿ ಕಾಣುತ್ತದೆ, ಕೆಲಸವೂ ಬೇಗ ಮುಗಿಯುತ್ತದೆ. ಹುಲ್ಲಿನೊಳಗೆ ಎಷ್ಟು ಸಿಹಿ ಇದೆ ಅಂತ ಯಾರೂ ಕೇಳಿರಲಿಲ್ಲ.

ವಿಷಯ ಇಷ್ಟೇ. ಹಗಲಲ್ಲಿ ಬಿಸಿಲು ಬಿದ್ದಾಗ ಎಲೆ ಸಕ್ಕರೆ ಮಾಡುತ್ತದೆ. ರಾತ್ರಿ ಉಸಿರಾಡೋಕೆ, ಬೆಳೆಯೋಕೆ ಅದನ್ನೇ ಖರ್ಚು ಮಾಡುತ್ತದೆ. ಹಾಗಾಗಿ ನಸುಕಿನಲ್ಲಿ ಹುಲ್ಲಿನ ಜೇಬು ಖಾಲಿ, ಸಂಜೆ ನಾಲ್ಕೈದಕ್ಕೆ ತುಂಬಿರುತ್ತದೆ. ಅಮೆರಿಕದಲ್ಲಿ ಇದನ್ನು ದನಗಳಿಗೇ ಕೇಳಿ ನೋಡಿದ್ದಾರೆ. ಒಂದೇ ಹೊಲದ ಫೆಸ್ಕ್ಯೂ ಹುಲ್ಲನ್ನು ಸಂಜೆ ಒಂದು ಪಾಲು, ಮರುದಿನ ಬೆಳಿಗ್ಗೆ ಒಂದು ಪಾಲು ಕೊಯ್ದು, ಒಣಗಿಸಿ, ದನ, ಕುರಿ, ಆಡುಗಳ ಮುಂದೆ ಇಟ್ಟರು. ಮೂರೂ ಸಂಜೆಯದನ್ನೇ ಜಾಸ್ತಿ ತಿಂದವು. 1999ರಲ್ಲಿ ಆ ಫಲಿತಾಂಶ ಅಚ್ಚಾಯಿತು.

ಆದರೆ ಅದು ಚಳಿ ದೇಶದ ಹುಲ್ಲು. ಆ ಜಾತಿಗಳು ಸಕ್ಕರೆಯನ್ನು ಫ್ರಕ್ಟಾನ್ ರೂಪದಲ್ಲಿ ಕಾಂಡದ ಬುಡದಲ್ಲಿ ಕೂಡಿಡುತ್ತವೆ. ವೇಲ್ಸ್‌ನ ಅಬೆರಿಸ್ಟ್‌ವಿತ್‌ನಲ್ಲಿ ಜಾಸ್ತಿ ಸಕ್ಕರೆಯ ರೈಗ್ರಾಸ್ ತಳಿಗಳನ್ನೇ ಮಾಡಿದ್ದಾರೆ. ನಮ್ಮ ನೇಪಿಯರ್, ಜೋಳಕ್ಕೆ ಆ ಅಭ್ಯಾಸ ಇಲ್ಲ. ಇವು ಎಲೆಯಲ್ಲಿ ಪಿಷ್ಟ, ಕಾಂಡದಲ್ಲಿ ಸಾದಾ ಸಕ್ಕರೆ ಇಡುತ್ತವೆ. ಅಲ್ಲಿಯ ಮಾತು ಇಲ್ಲಿ ಎಷ್ಟು ನಡೆಯುತ್ತದೆ ಅಂತ ಹೊಲದಲ್ಲೇ ನೋಡಬೇಕಿತ್ತು.

ಸಾವಿರ ಚಿಲ್ಲರೆ ಕೊಟ್ಟು ಸಾಧನ ತಂದೆ. ಬೆಳ್ಳುಳ್ಳಿ ಹಿಂಡುವ ಸ್ಟೀಲಿನ ಇಕ್ಕಳವನ್ನು ಅಡುಗೆಮನೆಯಿಂದ ಎತ್ತಿಕೊಂಡೆ (ಅದು ಇನ್ನೂ ವಾಪಸ್ ಹೋಗಿಲ್ಲ). ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಐದು, ಹೀಗೆ ಒಂದೇ ಸಾಲಿನ ಹುಲ್ಲು ಕೊಯ್ದು, ಕತ್ತರಿಸಿ, ಹಿಂಡಿ, ಹನಿ ಹಾಕಿ ಬರೆದುಕೊಂಡೆ.

ನವೆಂಬರಿನ ನಿಚ್ಚಳ ಬಿಸಿಲಿನ ವಾರದಲ್ಲಿ 45 ದಿನದ ನೇಪಿಯರ್ ಬೆಳಿಗ್ಗೆ 4.5, ಮಧ್ಯಾಹ್ನ 5.5, ಸಂಜೆ 6.5 ಆಸುಪಾಸು ತೋರಿಸಿತು. ಅಬ್ಬಾ, ಸಂಜೆಗೆ ಹತ್ತಿರ ಹತ್ತಿರ ಒಂದೂವರೆ ಪಟ್ಟು! ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ನಾಲ್ಕು ದಿನ ಆದಮೇಲೆ ಒಂದು ಅನುಮಾನ ಬಂತು. ಸಂಜೆ ಹುಲ್ಲು ಬಾಡಿರುತ್ತದೆ. ನೀರು ಕಮ್ಮಿಯಾದರೆ ರಸ ತಾನಾಗೇ ಗಟ್ಟಿಯಾಗುತ್ತದೆ, ಅಲ್ವಾ? ಚಹಾ ಕುದಿಸಿ ಇಂಗಿಸಿದರೆ ಸಿಹಿ ಜಾಸ್ತಿ ಅನ್ನಿಸುತ್ತದೆ, ಹಾಕಿದ ಸಕ್ಕರೆ ಅಷ್ಟೇ ಇದ್ದರೂ. ಬೆಳಗಿನ ಹುಲ್ಲಿಗೆ ಇಬ್ಬನಿ ಬೇರೆ ಹತ್ತಿರುತ್ತದೆ, ಅದು ರಸವನ್ನು ತೆಳ್ಳಗೆ ಮಾಡುತ್ತದೆ. ಬ್ರಿಕ್ಸ್ ಅಳೆಯುವುದು ಬರೀ ಸಕ್ಕರೆಯನ್ನೂ ಅಲ್ಲ. ರಸದಲ್ಲಿ ಕರಗಿದ ಉಪ್ಪು, ಹುಳಿ ಎಲ್ಲ ಅದರಲ್ಲೇ ಸೇರಿರುತ್ತದೆ.

ಹಾಗಾಗಿ ಎರಡೂ ಹೊತ್ತಿನ ಹುಲ್ಲನ್ನು ಇಬ್ಬನಿ ಒರೆಸಿ, ತಲಾ 100 ಗ್ರಾಂ ತೂಗಿ, ಗರಿಗರಿ ಆಗುವ ತನಕ ಒಣಗಿಸಿ ಮತ್ತೆ ತೂಗಿದೆ. ಬೆಳಗಿನದರಲ್ಲಿ ಉಳಿದ ಒಣ ಪದಾರ್ಥ 17 ಗ್ರಾಂ, ಸಂಜೆಯದರಲ್ಲಿ 20. ಈಗ ಲೆಕ್ಕ ಹಾಕಿ. ಬೆಳಗಿನ 83 ಗ್ರಾಂ ನೀರಿನಲ್ಲಿ ಕರಗಿದ್ದು ಸುಮಾರು 3.9 ಗ್ರಾಂ, ಅಂದರೆ ಒಣ ತೂಕದ 23 ಪರ್ಸೆಂಟ್. ಸಂಜೆಯ 80 ಗ್ರಾಂ ನೀರಿನಲ್ಲಿ ಸುಮಾರು 5.6 ಗ್ರಾಂ, ಅಂದರೆ 28 ಪರ್ಸೆಂಟ್. ಒಂದೂವರೆ ಪಟ್ಟು ಅಂತ ಕುಣಿದಿದ್ದು ಐದನೇ ಒಂದು ಪಾಲಿಗೆ ಇಳಿಯಿತು. ಅದೂ ಕಮ್ಮಿಯೇನಲ್ಲ. ಆದರೆ ಯಾರಾದರೂ ಬರೀ ಬ್ರಿಕ್ಸ್ ಅಂಕಿ ಹೇಳಿ "ಡಬಲ್ ಆಯ್ತು ನೋಡ್ರಿ" ಅಂದರೆ, ಒಣಗಿಸಿ ತೂಗಿದ್ದೀರಾ ಅಂತ ಕೇಳಿ. ಏಪ್ರಿಲ್, ಮೇ ಬಿಸಿಲಲ್ಲಿ ಈ ಮೋಸ ಇನ್ನೂ ಜಾಸ್ತಿ. ನಮ್ಮ ಕಡೆ ಮಧ್ಯಾಹ್ನಕ್ಕೇ ನೇಪಿಯರ್ ಎಲೆ ಸುರುಳಿ ಸುತ್ತಿಕೊಂಡು ನಿಂತಿರುತ್ತದೆ. ಆಗ ಬರುವ ಅಂಕಿಯನ್ನು ನಾನು ನಂಬುವುದೇ ಇಲ್ಲ.

ಮಳೆಗಾಲದಲ್ಲಿ ಈ ಪಂದ್ಯವೇ ಇಲ್ಲ. ಜುಲೈನಲ್ಲಿ ಐದು ದಿನ ಮೋಡ ಕವಿದಿತ್ತು. ಬೆಳಿಗ್ಗೆ 3.5, ಸಂಜೆ 4. ಅದಕ್ಕಾಗಿ ಕೆಸರಲ್ಲಿ ಸಂಜೆ ಇಳಿಯುವವರು ಯಾರು? ಆ ಹೊತ್ತಲ್ಲಿ ಯೂರಿಯಾ ಹಾಕಿದ ಪಟ್ಟಿಯಂತೂ ಇನ್ನೂ ಕೆಳಗಿತ್ತು. ಯೂರಿಯಾ ಬಿದ್ದರೆ ಹುಲ್ಲು ಇದ್ದಬದ್ದ ಸಕ್ಕರೆಯನ್ನೆಲ್ಲ ಬೆಳವಣಿಗೆಗೆ ಸುರಿಯುತ್ತದೆ. ಮೋಡ ಮತ್ತು ಯೂರಿಯಾ ಎರಡೂ ಕೂಡಿದರೆ ಹುಲ್ಲಿನಲ್ಲಿ ದನಕ್ಕೆ ವಿಷವಾಗುವಷ್ಟು ನೈಟ್ರೇಟ್ ನಿಲ್ಲುವ ಭಯವೂ ಉಂಟು. ಮಳೆಗಾಲದಲ್ಲಿ ಗಡಿಯಾರ ಬಿಟ್ಟು ಆಕಾಶ ನೋಡಿ. ಎರಡು ಮೂರು ದಿನ ಬಿಸಿಲು ಬಿದ್ದಮೇಲೆ ಕೊಯ್ಯುವುದೇ ಸರಿ.

ಈಗ ನನಗೆ ನಿಜವಾದ ಪಾಠ ಕಲಿಸಿದ ಭಾಗ. ಸಂಜೆ ಐದಕ್ಕೆ ಕೊಯ್ದ ಹುಲ್ಲನ್ನು ಎರಡು ಪಾಲು ಮಾಡಿದೆ. ಒಂದನ್ನು ದಿನದ ಅಭ್ಯಾಸದಂತೆ ಕೊಟ್ಟಿಗೆ ಮೂಲೆಯಲ್ಲಿ ಕುಪ್ಪೆ ಹಾಕಿದೆ. ಇನ್ನೊಂದನ್ನು ಪಡಸಾಲೆಯಲ್ಲಿ ತೆಳ್ಳಗೆ ಹರಡಿದೆ. ಬೆಳಿಗ್ಗೆ ಕುಪ್ಪೆಯೊಳಗೆ ಕೈ ಹಾಕಿದರೆ ಬೆಚ್ಚಗಿತ್ತು. ಆ ಬಿಸಿ ಎಲ್ಲಿಂದ ಬಂತು? ಸಕ್ಕರೆ ಸುಟ್ಟು ಬಂತು. ಕೊಯ್ದಮೇಲೂ ಹುಲ್ಲು ಸಾಯುವುದಿಲ್ಲ, ಉಸಿರಾಡುತ್ತಲೇ ಇರುತ್ತದೆ. ತೇವ 40 ಪರ್ಸೆಂಟಿಗೆ ಇಳಿಯುವ ತನಕ ಅದು ನಿಲ್ಲುವುದಿಲ್ಲ ಅಂತ ಪುಸ್ತಕಗಳಲ್ಲೂ ಇದೆ. ಕುಪ್ಪೆಯ ಹುಲ್ಲು 4.8ಕ್ಕೆ ಇಳಿದಿತ್ತು, ಹರಡಿದ್ದು 5.8. ಕುಪ್ಪೆ ಹಾಕುವುದಾದರೆ ಸಂಜೆ ಕೊಯ್ದು ಏನೂ ಸಿಗಲಿಲ್ಲ. ಸುಮ್ನೆ ಬೆಳಿಗ್ಗೆ ನಿದ್ದೆ ಮಾಡಿ ಎದ್ದು ಕೊಯ್ದರೆ ಅಷ್ಟೇ ಸಿಗುತ್ತಿತ್ತು.

ಕುದುರೆ ಮಸಾಲೆಗೆ ಮಾತ್ರ ನಾನು ಕಣ್ಣು ಮುಚ್ಚಿ ಸಂಜೆ ಅನ್ನುತ್ತೇನೆ, ಅಲ್ಲಿ ಸಕ್ಕರೆಗಿಂತ ಬೇರೆ ಕಾರಣ ದೊಡ್ಡದು. ಇಬ್ಬನಿ ಹತ್ತಿದ ಎಳೆ ಸೊಪ್ಪು ಹಸಿದ ಹೊಟ್ಟೆಗೆ ಬಿದ್ದರೆ ಹೊಟ್ಟೆ ಉಬ್ಬುತ್ತದೆ. ಒಂದು ಸಲ ಎಮ್ಮೆ ಉಬ್ಬಿ ನಿಂತಿದ್ದನ್ನು ನೋಡಿದವರಿಗೆ ಮತ್ತೆ ಹೇಳಬೇಕಿಲ್ಲ.

ಜೋಳದಲ್ಲಿ ಹೊತ್ತಿಗಿಂತ ಹದ ಮುಖ್ಯ. ಬೆಳಿಗ್ಗೆ, ಸಂಜೆಯ ವ್ಯತ್ಯಾಸ ಒಂದು ಅಂಕಿಯಷ್ಟು ಇದ್ದರೆ, ಹೊಡೆ ಬಿಡುವ ಹೊತ್ತಿಗೂ ಕಾಳು ಹಾಲುಗಟ್ಟುವ ಹೊತ್ತಿಗೂ ವ್ಯತ್ಯಾಸ ನಾಲ್ಕೈದು ಅಂಕಿ. ದಂಟಿನ ರಸ ಹೊಡೆಯಲ್ಲಿ 6, ಹೂವಿನಲ್ಲಿ 8.5, ಸೀತನಿ (ಎಳೆ ಹಸಿ ಕಾಳಿನ) ಹದಕ್ಕೆ 11 ತೋರಿಸಿತು. ಸೀತನಿ ತಿಂದು ಬೆಳೆದವರಿಗೆ ಇದಕ್ಕೆ ಸಾಧನ ಬೇಡ. ಹೊಲಕ್ಕೆ ಹೋದಾಗ ದಂಟು ಮುರಿದು ಜಗಿಯುತ್ತಿದ್ದ ದಿನಗಳಲ್ಲಿ ಯಾವ ದಂಟು ಸಿಹಿ ಅಂತ ಹಲ್ಲಿಗೇ ಗೊತ್ತಿತ್ತು. ಕಾಳು ಗಟ್ಟಿಯಾದಮೇಲೆ ದಂಟು ಒರಟಾಗುತ್ತದೆ, ಎಲೆ ಒಣಗುತ್ತದೆ, ದನ ಎಲೆ ಎಳೆದುಕೊಂಡು ದಂಟು ಬಿಟ್ಟುಬಿಡುತ್ತದೆ. ಈ ಕಡೆ ತುದಿಯೂ ಅಪಾಯ. ಮೊಣಕಾಲೆತ್ತರದ ಎಳೆ ಜೋಳದಲ್ಲಿ, ಅದರಲ್ಲೂ ನೀರಿಲ್ಲದೆ ಬಾಡಿದ್ದರಲ್ಲಿ ಸೈನೈಡ್ ವಿಷ ಇರುತ್ತದೆ. ಅದನ್ನು ಬೆಳಿಗ್ಗೆಯೂ ಹಾಕಬೇಡಿ, ಸಂಜೆಯೂ ಬೇಡ.

ನೇಪಿಯರ್‌ನಲ್ಲಿ ಹಾಗಲ್ಲ. 60 ದಿನ ಬಿಟ್ಟು ನೋಡಿದೆ. ಬ್ರಿಕ್ಸ್ ಅರ್ಧ ಅಂಕಿ ಏರಿತು, ಆದರೆ ದಂಟು ಕಟ್ಟಿಗೆ ಆಯಿತು, ಪ್ರೋಟೀನ್ ಇಳಿಯುವ ವಯಸ್ಸು ಅದು. ತೀರಾ ಎಳೆಯದರಲ್ಲಿ ದನದ ಮೈಗೆ ಕ್ಯಾಲ್ಸಿಯಂ ಸಿಗದಂತೆ ತಡೆಯುವ ಆಕ್ಸಲೇಟ್ ಜಾಸ್ತಿ. 45 ದಿನಕ್ಕೊಮ್ಮೆ ಕೊಯ್ಯುವ ಹಳೇ ಲೆಕ್ಕವನ್ನೇ ಉಳಿಸಿಕೊಂಡೆ.

ಇಷ್ಟೆಲ್ಲ ಮಾಡಿ ಹಾಲು ಏರಿತಾ? ಎಲ್ಲರೂ ಕೇಳುವುದು ಅದೇ. ಎರಡು ಎಚ್‌ಎಫ್‌ಗಳಿಗೆ ಎರಡೆರಡು ವಾರ ಅದಲುಬದಲು ಮಾಡಿ ಹಾಕಿದೆ. ಒಂದಕ್ಕೆ ಬೆಳಗಿನ ಹುಲ್ಲು, ಇನ್ನೊಂದಕ್ಕೆ ಸಂಜೆಯದು, ಆಮೇಲೆ ತಿರುಗಿಸಿ. ಹಿಂಡಿ, ಕಣಕಿ ಎಲ್ಲ ಅಷ್ಟೇ. ಒಂದು ಆಕಳು ದಿನಕ್ಕೆ ಅರ್ಧ ಲೀಟರ್ ಜಾಸ್ತಿ ಕೊಟ್ಟಿತು, ಇನ್ನೊಂದು ಏನೂ ಕೊಡಲಿಲ್ಲ. ಹಾಲಿನ ಫ್ಯಾಟ್ ಆಣೆ ಮಾಡಿ ಹೇಳುವಷ್ಟು ಬದಲಾಗಲಿಲ್ಲ. ಕಣ್ಣಿಗೆ ಬಿದ್ದ ಬದಲಾವಣೆ ಗೋದಲಿಯಲ್ಲಿ. 25 ಕಿಲೋ ಹಾಕಿದರೆ ಬೆಳಗಿನದರಲ್ಲಿ ಮೂರು ಕಿಲೋ ಉಳಿಯುತ್ತಿತ್ತು, ಸಂಜೆಯದರಲ್ಲಿ ಒಂದು ಕಿಲೋ. ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೆ ಪ್ರೋಟೀನ್ ಜೊತೆಗೆ ಸಕ್ಕರೆಯೂ ಬೇಕು, ಇಲ್ಲದಿದ್ದರೆ ಪ್ರೋಟೀನ್ ಅಮೋನಿಯಾ ಆಗಿ, ಆಮೇಲೆ ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ. ಆ ಲಾಭ ಎರಡು ಆಕಳ ಲೆಕ್ಕದಲ್ಲಿ ನನಗೆ ಕಂಡಿತು ಅಂತ ಹೇಳಿದರೆ ಸುಳ್ಳಾಗುತ್ತದೆ.

ದೇವಣಿಯ ವಿಷಯ ಬೇರೆ. ಅದು ಯಾವ ಹೊತ್ತಿನ ಹುಲ್ಲನ್ನೂ ಒಂದು ಎಸಳು ಬಿಡಲಿಲ್ಲ. ಅದನ್ನು ಪರೀಕ್ಷೆಯಿಂದ ಹೊರಗಿಟ್ಟೆ.

ರಸಮೇವಿನಲ್ಲಿ (ಹಸಿ ಮೇವನ್ನು ಗಾಳಿಯಾಡದಂತೆ ಕಟ್ಟಿಟ್ಟು ಹುಳಿ ಬರಿಸಿದ್ದು, ಸೈಲೇಜ್) ಮಾತ್ರ ಸಕ್ಕರೆಯ ಬೆಲೆ ಗೊತ್ತಾಯಿತು. ಚೀಲದೊಳಗೆ ಹುಳಿ ಬರಿಸುವ ಬ್ಯಾಕ್ಟೀರಿಯಾಗಳಿಗೆ ಸಕ್ಕರೆಯೇ ಊಟ. ಜೋಳ, ಮೆಕ್ಕೆಜೋಳಕ್ಕೆ ಕೊರತೆ ಇಲ್ಲ, ನೇಪಿಯರ್‌ಗೆ ಇದೆ. ಮೂರು ಚೀಲ ತುಂಬಿದೆ, ತಲಾ 50 ಕಿಲೋ. ಮೊದಲನೆಯದು ಬೆಳಿಗ್ಗೆ ಕೊಯ್ದಿದ್ದು, ಏನೂ ಸೇರಿಸದೆ. ಎರಡನೆಯದು ಸಂಜೆ ಕೊಯ್ದು ಆಗಲೇ ಕತ್ತರಿಸಿದ್ದು. ಮೂರನೆಯದು ಬೆಳಿಗ್ಗೆ ಕೊಯ್ದು, ಮಧ್ಯಾಹ್ನದವರೆಗೆ ಬಿಸಿಲಿಗೆ ಬಾಡಿಸಿ, ಒಂದು ಕಿಲೋ ಬೆಲ್ಲ ಕರಗಿಸಿ ಚಿಮುಕಿಸಿದ್ದು. 45 ದಿನ ಬಿಟ್ಟು ಬಿಚ್ಚಿದೆ. ಮೊದಲನೆಯದರ ವಾಸನೆಗೆ ಅವ್ವ ಸೆರಗು ಮೂಗಿಗೆ ಹಿಡಿದು, "ಇದನ್ನ ತಿಪ್ಪಿಗೆ ಹಾಕಪ್ಪಾ" ಅಂದರು. ಎರಡನೆಯದು ಹುಳಿಯಾಗಿತ್ತು, ದನ ತಿಂದವು, ಆದರೆ ತಳದಲ್ಲಿ ನೀರು ನಿಂತಿತ್ತು. ಮೂರನೆಯದು ಮಜ್ಜಿಗೆಯ ಹದ. ಗೋದಲಿಗೆ ಸುರಿಯುವ ಮುಂಚೆ ದನ ಚೀಲಕ್ಕೇ ಬಾಯಿ ಹಾಕಿದವು. ಸಂಜೆಯ ಹುಲ್ಲಿನ ಒಂದೆರಡು ಅಂಕಿಯನ್ನು ಗಾಣದಿಂದ ತಂದ ಒಂದು ಕಿಲೋ ಬೆಲ್ಲ, ನಾಲ್ಕು ತಾಸಿನ ಬಿಸಿಲು ಸೇರಿ ಸುಲಭವಾಗಿ ಸೋಲಿಸಿದವು.

ಇನ್ನು ಸಂಜೆಯ ತಾಪತ್ರಯಗಳು. ಕೊಯ್ಯಲು ಬರುವ ಅಕ್ಕಂದಿರು ಐದೂವರೆಗೆ ಮನೆಗೆ ಹೊರಡಬೇಕು, ರೊಟ್ಟಿ ಬಡಿಯುವುದಿರುತ್ತದೆ. ಹಾಲು ಕರೆಯುವ ಹೊತ್ತೂ ಅದೇ. ಮಬ್ಬುಗತ್ತಲಲ್ಲಿ ನೇಪಿಯರ್ ಬುಡಕ್ಕೆ ಕೈ ಹಾಕುವುದಂದರೆ ಕೊಳಕು ಮಂಡಲ ಹಾವಿನ ಭಯ, ಅದು ಸುಮ್ನೆ ಭಯವಲ್ಲ. ಎಲ್ಲಕ್ಕಿಂತ ದೊಡ್ಡದು ಕರೆಂಟು. ನಮ್ಮ ಮೇವು ಕತ್ತರಿಸುವ ಮಷಿನ್‌ಗೆ ತ್ರೀ ಫೇಸ್ ಬೇಕು. ಅದು ಒಂದು ವಾರ ಹಗಲು ಬರುತ್ತದೆ, ಒಂದು ವಾರ ರಾತ್ರಿ. ಸಂಜೆ ಆರಕ್ಕೆ ಬೇಕು ಅಂದರೆ ಯಾರ ಹತ್ತಿರ ಕೇಳೋಣ?

ಹಾಗಾಗಿ ಈಗ ನಮ್ಮಲ್ಲಿ ನಡೆಯುತ್ತಿರುವುದು ಹೀಗಿದೆ. ದೀಪಾವಳಿಯಿಂದ ಶಿವರಾತ್ರಿವರೆಗೆ ನಾಲ್ಕು ಗಂಟೆಗೆ ಕೊಯ್ಲು. ರಾತ್ರಿ ಪಾಲು ಆಗಲೇ ಗೋದಲಿಗೆ, ಬೆಳಗಿನ ಪಾಲು ಪಡಸಾಲೆಯಲ್ಲಿ ಹರಡುತ್ತೇವೆ. ಕುಪ್ಪೆ ಬಂದ್. ಮಳೆಗಾಲ, ಬೇಸಿಗೆಯಲ್ಲಿ ಅಪ್ಪನ ಆರು ಗಂಟೆಯೇ. ಜೋಳ ಸೀತನಿ ಹದಕ್ಕೆ, ಹೊತ್ತು ಯಾವುದಾದರೂ ಸರಿ. ನೇಪಿಯರ್ ಚೀಲಕ್ಕೆ ಹೋಗುವುದಾದರೆ ಬೆಲ್ಲ ಜೊತೆಗೆ.

ಮುತ್ಯಾ ಮೊನ್ನೆ ತಾವೇ ಒಂದು ಜೋಳದ ದಂಟು ಮುರಿದುಕೊಂಡು ಬಂದರು. ಜಗಿದು ನೋಡಿ, "ಹನ್ನೊಂದು ಇರ್ಬೇಕು ಬಿಡು" ಅಂದರು. ಸಾಧನಕ್ಕೆ ಹಾಕಿದೆ. ಹತ್ತೂವರೆ.