ರೊಟಿಗೊಟಿನ್ ಪ್ಯಾಚ್: ಹತ್ತು ತಿಂಗಳ ಬಳಕೆಯ ನಂತರ

ಪಾರ್ಕಿನ್ಸನ್ ಕಾಯಿಲೆಯಿರುವ ನಮ್ಮ ತಂದೆಯವರಿಗೆ ನರರೋಗ ತಜ್ಞರು ಲೆವೊಡೋಪಾ ಮಾತ್ರೆಯ ಜೊತೆಗೆ ಚರ್ಮಕ್ಕೆ ಅಂಟಿಸುವ ರೊಟಿಗೊಟಿನ್ ಪ್ಯಾಚ್ ಬರೆದುಕೊಟ್ಟು ಹತ್ತು ತಿಂಗಳಾಯಿತು. ಲೆವೊಡೋಪಾ ಮಿದುಳನ್ನು ಸೇರಿ, ಅಲ್ಲಿ ಚಲನೆಯನ್ನು ಹತೋಟಿಯಲ್ಲಿಡುವ ರಾಸಾಯನಿಕವಾದ ಡೋಪಮೈನ್ ಆಗಿ ಮಾರ್ಪಟ್ಟ ಮೇಲಷ್ಟೇ ಕೆಲಸ ಮಾಡುತ್ತದೆ. ರೊಟಿಗೊಟಿನ್‌ಗೆ ಆ ಮಾರ್ಪಾಡು ಬೇಕಿಲ್ಲ, ಅದು ತಾನೇ ಡೋಪಮೈನ್‌ನ ಸ್ಥಾನದಲ್ಲಿ ನಿಂತು ಡಿ1, ಡಿ2, ಡಿ3 ಎಂಬ ಗ್ರಾಹಕಗಳನ್ನು, ಅಂದರೆ ಡೋಪಮೈನ್‌ನ ಸಂದೇಶವನ್ನು ಹಿಡಿಯುವ ನರಕೋಶದ ಭಾಗಗಳನ್ನು, ಪ್ರಚೋದಿಸುತ್ತದೆ. ಚರ್ಮದ ಮೂಲಕ 24 ಗಂಟೆಯೂ ಹೆಚ್ಚುಕಡಿಮೆ ಸಮನಾಗಿ ರಕ್ತಕ್ಕಿಳಿಯುವುದರಿಂದ ಊಟದ ಹೊತ್ತಿನ ಹಂಗೂ ಇದಕ್ಕಿಲ್ಲ.

ಇದರ ಗುಣ ನಮಗೆ ಕಂಡದ್ದು ಬೆಳಗಿನ ಹೊತ್ತಿನಲ್ಲಿ. ಮೊದಲೆಲ್ಲ ರಾತ್ರಿಯ ಮಾತ್ರೆಯ ಪ್ರಭಾವ ಇಳಿದು, ಮಗ್ಗುಲು ಬದಲಿಸಲೂ ಯಾರಾದರೂ ಆಸರೆ ಕೊಡಬೇಕಿತ್ತು. 4 ಮಿಲಿಗ್ರಾಂನಿಂದ ಆರಂಭಿಸಿ ವಾರವಾರಕ್ಕೆ ಏರಿಸುತ್ತ 8ಕ್ಕೆ ಬಂದ ಮೇಲೆ ಅವರು ತಾವೇ ಎದ್ದು ಕುಳಿತು, ಅಂಗಿಯ ಎರಡು ಗುಂಡಿಗಳನ್ನು ಹಾಕಿಕೊಳ್ಳತೊಡಗಿದರು. ನಡುಕ ಮಾತ್ರ ಹೇಳಿಕೊಳ್ಳುವಷ್ಟು ತಗ್ಗಲಿಲ್ಲ.

ಅಂಟಿನ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಅಂಗೈಯಿಂದ 30 ಸೆಕೆಂಡು ಒತ್ತಿ ಹಿಡಿದರೂ ಬೆವರಿದ ದಿನ ಅಂಚು ಎದ್ದುಬರುತ್ತದೆ, ತೆಗೆದ ಜಾಗದಲ್ಲಿ ಕೆಂಪು ಚೌಕವೊಂದು ಉಳಿಯುತ್ತದೆ. ಹಚ್ಚಿದ ಜಾಗಕ್ಕೆ 14 ದಿನ ಮತ್ತೆ ಹಚ್ಚುವಂತಿಲ್ಲವಾದ್ದರಿಂದ ಭುಜ, ತೊಡೆ, ಹೊಟ್ಟೆಗಳ ಸರದಿಯನ್ನು ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಹಿಂಬದಿಯ ಪದರದಲ್ಲಿ ಅಲ್ಯುಮಿನಿಯಂ ಇರುವುದರಿಂದ ಎಂಆರ್‌ಐಗೆ ಮುನ್ನ ಕಿತ್ತುಹಾಕಲೇಬೇಕು, ಇಲ್ಲವಾದರೆ ಚರ್ಮ ಸುಡಬಹುದು. ಓಕರಿಕೆಯೂ ಸಾಮಾನ್ಯ, ಆದರೆ ಅದಕ್ಕೆಂದು ಮೆಟೊಕ್ಲೊಪ್ರಮೈಡ್ ಕೊಡಬಾರದು, ಏಕೆಂದರೆ ಪ್ಯಾಚ್ ಪ್ರಚೋದಿಸಬೇಕಾದ ಡಿ2 ಗ್ರಾಹಕಗಳನ್ನೇ ಅದು ತಡೆಯುತ್ತದೆ.

ನಿಜವಾದ ತೊಂದರೆ ಬೇರೆಡೆಯಿತ್ತು. ಡಿ3 ಗ್ರಾಹಕಗಳು ಮಿದುಳಿನಲ್ಲಿ ಆಸೆ ಮತ್ತು ಪ್ರತಿಫಲಗಳಿಗೆ ಸಂಬಂಧಿಸಿದ ಭಾಗದಲ್ಲಿ ದಟ್ಟವಾಗಿವೆ. ಈ ವರ್ಗದ ಔಷಧಿ ಬಳಸುವ ಕೆಲವರಲ್ಲಿ ಜೂಜಿನ ಅಥವಾ ಖರೀದಿಯ ಗೀಳು ಕಾಣಿಸಿಕೊಳ್ಳುವುದುಂಟು. ಎಂದೂ ದುಂದುಗಾರರಲ್ಲದ ತಂದೆಯವರ ಹೆಸರಿಗೆ ಒಂದೇ ಬಗೆಯ ಟಾರ್ಚುಗಳು ಒಂದರ ಹಿಂದೊಂದು ಬರತೊಡಗಿದವು. ಐದನೆಯದು ಬಂದ ದಿನ ನಾನು ಪ್ಯಾಚಿನೊಂದಿಗಿದ್ದ ಮಾಹಿತಿಪತ್ರವನ್ನು ಪೂರ್ತಿ ಓದಿದೆ. ಅಲ್ಲಿ ಅಚ್ಚಾಗಿದ್ದ ಈ ಎಚ್ಚರಿಕೆಯನ್ನು ಅಲ್ಲಿಯವರೆಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಥಟ್ಟನೆ ನಿಲ್ಲಿಸುವುದು ಅಪಾಯಕಾರಿಯಾದ್ದರಿಂದ ವೈದ್ಯರು ಪ್ರಮಾಣವನ್ನು 6 ಮಿಲಿಗ್ರಾಂಗೆ ಇಳಿಸಿದರು. ಟಾರ್ಚುಗಳು ನಿಂತವು. ಈಗ ಬೆಳಿಗ್ಗೆ ಅವರು ಒಂದೇ ಗುಂಡಿ ಹಾಕಿಕೊಳ್ಳುತ್ತಾರೆ, ಪ್ಯಾಚನ್ನು ಮುಂದುವರಿಸಿದ್ದೇವೆ.